ಅರ್ಧ ಮನೆ ಕೆಳಗೆ ಜಾರಿದ ಸಾಲು

ಚದುರಂಗದ ಪಟದ ಪಕ್ಕಕ್ಕೆ ಬರಹ ಕೂರಿಸುವುದು ಏನು ಮಹಾ ಕೆಲಸ ಎಂದು ಮೂಗು ಮುರಿಯುವವರು ನಮ್ಮ ಊರಿಗೆ ಬಂದು ಒಂದು ಸೋಮವಾರ ಇದ್ದು ನೋಡಬೇಕು. ಪಟದ ಒಂದೊಂದು ಮನೆ ಹೆಬ್ಬೆರಳಿನ ಉಗುರಿನಷ್ಟು ಎತ್ತರ. ಅಕ್ಷರದ ಮೊಳೆ ಅದರ ಮೂರನೇ ಒಂದು ಪಾಲೂ ಇಲ್ಲ. ಸುಮ್ಮನೆ ಮೊಳೆ ಜೋಡಿಸುತ್ತ ಹೋದರೆ ಎಂಟು ಸಾಲೂ ಪಟದ ಮೇಲ್ಗಡೆಯೇ ಒತ್ತಿಕೊಂಡು ನಿಂತು, ಕೆಳಗಿನ ಐದು ಅಡ್ಡಸಾಲುಗಳ, ನಮ್ಮ ಮಾತಿನಲ್ಲಿ ಬೀದಿಗಳ, ಪಕ್ಕ ಬರೀ ಬಿಳಿ ಕಾಗದ ಉಳಿಯುತ್ತದೆ. ಹಾಗಾಗದಂತೆ ಸಾಲಿಗೂ ಸಾಲಿಗೂ ನಡುವೆ ಸೀಸದ ಪಟ್ಟಿಗಳನ್ನು ತುಂಬಿ, ಒಂದೊಂದು ಸಾಲೂ ತನ್ನ ಬೀದಿಯ ನಟ್ಟನಡುವಿನ ನೇರಕ್ಕೆ ಬರುವಂತೆ ಮಾಡಬೇಕು. ಈ ಕೆಲಸವನ್ನು ಮೂವತ್ತೊಂದು ವರ್ಷ ಕೂದಲೆಳೆಯಷ್ಟೂ ಆಚೀಚೆ ಆಗದ ಹಾಗೆ ಮಾಡಿದವನು ಮುದ್ದವೀರಪ್ಪ. ಅವನು ಜೋಡಿಸಿದ್ದರ ಕರಡು ನೋಡಿ ರುಜು ಹಾಕುತ್ತಿದ್ದವನು ನಾನು, ಸುಬ್ಬಕೃಷ್ಣ. ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಅವನ ದೆಸೆಯಿಂದ ಮೂವತ್ತೊಂದು ವರ್ಷ ಕೂತು ಉಂಡೆ ಎಂದರೂ ಸುಳ್ಳಲ್ಲ.

ಪಟದ ಹಾಗೇ ನಮ್ಮ ಊರಲ್ಲೂ ಎಂಟು ಬೀದಿ, ಬೀದಿಗೆ ಎಂಟು ಮನೆ. ಮೊದಲನೆಯ ಬೀದಿ ದಿಬ್ಬದ ಮೇಲೆ, ಎಂಟನೆಯದು ಕೊಳದ ದಡದಲ್ಲಿ. ಭಾನುವಾರ ಮಧ್ಯಾಹ್ನ ಚಾವಡಿಯಲ್ಲಿ ಮೇಲಿನ ನಾಲ್ಕು ಬೀದಿಗಳ ಪರವಾಗಿ ಒಬ್ಬರು, ಕೆಳಗಿನ ನಾಲ್ಕರ ಪರವಾಗಿ ಇನ್ನೊಬ್ಬರು ಚದುರಂಗಕ್ಕೆ ಕೂರುತ್ತಾರೆ. ದೀಪ ಹಚ್ಚುವ ಹೊತ್ತಿಗೆ ಆಟ ಎಲ್ಲಿಗೆ ಬಂದಿರುತ್ತದೋ ಅಲ್ಲಿಗೇ ಕೈ ಬಿಡಬೇಕು. ಆಗ ಯಾವ ಕಾಯಿ ಯಾವ ಮನೆಯಲ್ಲಿ ನಿಂತಿತ್ತೋ ಅದೇ ಪಟವಾಗಿ ಸೋಮವಾರದ ಹಾಳೆಯಲ್ಲಿ ಅಚ್ಚಾಗುತ್ತದೆ. ಪಕ್ಕದಲ್ಲಿ ಎಂಟು ಸಾಲು. ಒಂದು ನೀರಿನದು, ಒಂದು ನೆಂಟರದು, ಒಂದು ಜಗಳದ್ದು, ಒಂದು ಒಳ್ಳೆಯ ನಿದ್ದೆಯದು, ಹೀಗೆ. ಯಾವ ಬೀದಿಯ ನೇರಕ್ಕೆ ಯಾವ ಸಾಲು ನಿಂತಿತೋ, ಆ ವಾರ ಆ ಬೀದಿಯಲ್ಲಿ ಕಾಯಿ ನಿಂತ ಮನೆಗಳಿಗೆ ಅದು ಒದಗುತ್ತದೆ. ಸಾಲುಗಳು ವಾರಕ್ಕೊಂದು ಬೀದಿ ಕೆಳಗಿಳಿಯುತ್ತವೆ, ಕೊಳದ ದಡ ಮುಟ್ಟಿದ್ದು ಮತ್ತೆ ದಿಬ್ಬ ಹತ್ತುತ್ತದೆ. ಹೀಗಾಗಿ ತಮ್ಮ ಬೀದಿಗೆ ಏನು ಬರುತ್ತದೆಂದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ತಮ್ಮ ಮನೆಗೆ ಬರುತ್ತದೋ ಇಲ್ಲವೋ ಎಂಬುದಷ್ಟೇ ಆಟಗಾರರ ಕೈಯಲ್ಲಿ.

ಜನ ಇದಕ್ಕೆ ಒಗ್ಗಿಹೋಗಿದ್ದಾರೆ. ನೆಂಟರ ವಾರವೆಂದರೆ ಚಾಪೆ ಕೊಡವಿ ಬಿಸಿಲಿಗೆ ಹಾಕುತ್ತಾರೆ. ಜಗಳದ ವಾರ ಬಂದರೆ ಬುದ್ಧಿವಂತರು ಮಂಗಳವಾರವೇ ಸಾರಿನ ಉಪ್ಪಿಗೊಂದು ಜಗಳ ತೆಗೆದು, ಮುಗಿಸಿ, ಕೈ ತೊಳೆದುಕೊಳ್ಳುತ್ತಾರೆ. ಸ್ವಲ್ಪ ಹುಷಾರಾಗಿರಬೇಕಾದ್ದು ಮರೆವಿನ ಸಾಲಿನ ಬಗ್ಗೆ. ಆ ವಾರ ಮಂಗಳವಾರದಿಂದ ಶನಿವಾರದವರೆಗೆ ಮನೆಯಲ್ಲಿ ಯಾವ ವಿಷಯ ಅತಿ ಹೆಚ್ಚು ಮಾತಿಗೆ ಬರುತ್ತದೋ, ಭಾನುವಾರ ಬೆಳಗಾಗುವಷ್ಟರಲ್ಲಿ ಆ ಮನೆಯವರಿಗೆಲ್ಲ ಅದು ಮರೆತುಹೋಗಿರುತ್ತದೆ. ಬೇಡದ ನೆನಪು ಇದ್ದವರು ಐದು ದಿನ ಅದನ್ನೇ ಆಡಿ ಆಡಿ ಕಳೆದುಕೊಳ್ಳುತ್ತಾರೆ. ಎಚ್ಚರ ತಪ್ಪಿದವರ ಕಥೆಯೂ ಇದೆ. ಆರನೇ ಬೀದಿಯ ಜವರಪ್ಪ ದಂಪತಿ ವಾರವಿಡೀ ತಮ್ಮ ಹೊಸ ಎಮ್ಮೆಯನ್ನು ಹೊಗಳಿಕೊಂಡು ಕೂತರು. ಭಾನುವಾರ ಎದ್ದು ಹಿತ್ತಿಲಲ್ಲಿ ಕಟ್ಟಿದ ಎಮ್ಮೆ ನೋಡಿ, ಯಾರದಪ್ಪಾ ಇದು ಎಂದು ಊರಲ್ಲೆಲ್ಲ ತಮಟೆ ಹೊಡೆಸಿದರು. ಯಾರೂ ತುಟಿಪಿಟಕ್ಕೆನ್ನಲಿಲ್ಲ. ಮರೆತ ಮನೆಯವರಿಗೆ ಹೊರಗಿನವರು ನೆನಪು ಮಾಡಿಕೊಡಬಾರದು ಎಂಬುದು ನಮ್ಮಲ್ಲಿ ಕಟ್ಟುನಿಟ್ಟಾದ ಕಟ್ಟಳೆ. ಕೊನೆಗೆ ಸಂಜೆ ಹೊತ್ತಿಗೆ ಎಮ್ಮೆಯೇ ಹಗ್ಗ ಕಿತ್ತುಕೊಂಡು ಬಾಗಿಲಿಗೆ ಬಂದು ಕೆಚ್ಚಲು ತೋರಿಸಿ ನಿಂತಿತು.

ಮುದ್ದವೀರಪ್ಪನದು ಮೂರನೇ ಬೀದಿಯ ಆರನೇ ಮನೆ. ಅವನಿಗೂ ಹೆಂಡತಿ ಹಾಲಮ್ಮನಿಗೂ ಒಬ್ಬಳೇ ಮಗಳು, ನೀಲಾ. ಹನ್ನೊಂದನೇ ವಯಸ್ಸಿನಲ್ಲಿ ನಾಲ್ಕು ದಿನದ ಜ್ವರಕ್ಕೆ ಹೋದಳು. ನಮ್ಮ ಎಂಟು ಸಾಲುಗಳಲ್ಲಿ ಸಾವಿನದಿಲ್ಲ. ಅದು ಬೇರೆ ಊರುಗಳಲ್ಲಿ ಬರುವ ಹಾಗೇ ಇಲ್ಲಿಯೂ ಹೇಳದೆ ಕೇಳದೆ ಬರುತ್ತದೆ. ಅದಾಗಿ ಮೂರು ವರ್ಷವಾದರೂ ಆ ಮನೆಯಲ್ಲಿ ಮಗುವಿನ ಹೆಸರು ಯಾರೂ ಎತ್ತುತ್ತಿರಲಿಲ್ಲ. ಮುದ್ದವೀರಪ್ಪ ಬೆಳಿಗ್ಗೆ ಅಚ್ಚುಕೂಟಕ್ಕೆ ಬಂದರೆ ಸಂಜೆಯವರೆಗೆ ಮೊಳೆಗಳ ಮೇಲಿಂದ ತಲೆ ಎತ್ತುತ್ತಿರಲಿಲ್ಲ. ಹಾಲಮ್ಮ ಮನೆಯಲ್ಲೇ ಇರುತ್ತಿದ್ದಳು, ಆ ಗೋಡೆಗಳ ಜೊತೆ.

ಹಾಲಮ್ಮನಿಗೆ ಮರೆವು ಬೇಕಾಗಿತ್ತು. ಎಂಟು ವಾರಕ್ಕೊಮ್ಮೆ ಮರೆವಿನ ಸಾಲು ಅವರ ಬೀದಿಯ ನೇರಕ್ಕೆ ಬರುತ್ತಿತ್ತು, ಆದರೆ ಪಟದಲ್ಲಿ ಅವರ ಮನೆ ಪ್ರತಿ ಸಲವೂ ಖಾಲಿ. ಮೂರು ವರ್ಷ ಕಾದವಳು, ಮರುದಿನ ಆ ಸಾಲು ತಮ್ಮ ಬೀದಿಗೆ ಬರಲಿದ್ದ ಒಂದು ಭಾನುವಾರ ತಡೆಯಲಾರದೆ, ಮೇಲಿನ ಬೀದಿಗಳ ಪರ ಆಡುವ ಶೇಷಪ್ಪ ಮೇಷ್ಟ್ರ ಮನೆಗೆ ಒಂದು ಡಬ್ಬಿ ಕಜ್ಜಾಯ ಹಿಡಿದುಕೊಂಡು ಹೋದಳು. ಮೇಷ್ಟ್ರು ಆಟದಲ್ಲಿ ತಂದೆಗೂ ದಾಕ್ಷಿಣ್ಯ ತೋರಿಸುವವರಲ್ಲ. ಆದರೂ ಅಂದು ದೀಪ ಹಚ್ಚಲು ಇನ್ನೇನು ಎರಡು ನಿಮಿಷ ಇರುವಾಗ, ಮಂತ್ರಿಯನ್ನು ಕಾಯುತ್ತಿದ್ದ ಕುದುರೆಯನ್ನು ಎತ್ತಿ ಮೂರನೇ ಬೀದಿಯ ಆರನೇ ಮನೆಗೆ ನೆಗೆಸಿದರು. ಎದುರಾಳಿ ಮಂತ್ರಿಯನ್ನು ಹೊಡೆದ. ಸುತ್ತ ನಿಂತವರು ಮೇಷ್ಟ್ರಿಗೆ ವಯಸ್ಸಾಯಿತು ಎಂದು ಮಾತಾಡಿಕೊಂಡರು. ಮೇಷ್ಟ್ರು ಮಾತ್ರ ಹಣೆ ಒರೆಸಿಕೊಂಡು, "ಕಜ್ಜಾಯ ಚೆನ್ನಾಗಿತ್ತು," ಎಂದಷ್ಟೇ ಹೇಳಿ ಎದ್ದು ಹೋದರು.

ಪಟವನ್ನು ನಕಲು ಮಾಡಿಕೊಳ್ಳಲು ನಾವಿಬ್ಬರೂ ಚಾವಡಿಗೆ ಹೋಗಿದ್ದೆವು. ಮುದ್ದವೀರಪ್ಪ ಕುದುರೆ ನಿಂತ ಮನೆಯನ್ನು ನೋಡಿದ, ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಂಡ. ಮನೆಯ ಹತ್ತಿರ ಬಂದಾಗ ಹಾಲಮ್ಮ ಜಗಲಿಯ ಮೇಲೇ ನಿಂತಿದ್ದಳು. ನನ್ನನ್ನು ಹೊರಗಿನವನೆಂದು ಅವರು ಎಂದೂ ತಿಳಿದವರಲ್ಲ. ಹಾಗಾಗಿ ನಾನಿದ್ದ ಹಾಗೇ ಮಾತು ಶುರುವಾಯಿತು.

"ಕುದುರೆ ಬಂತಾ?" ಎಂದಳು.

"ಬಂತು. ನೀನೇ ಕರೆಸಿದ್ದು ಅಂತ ಗೊತ್ತಾಯ್ತು," ಎಂದ ಮುದ್ದವೀರಪ್ಪ. "ಹನ್ನೊಂದು ವರ್ಷ ಸಾಕಿದ್ದೀವಿ ಕಣೆ. ಅಷ್ಟನ್ನೂ ಒರೆಸಿ ಹಾಕ್ಬಿಡ್ತೀಯಾ?"

"ನಿಮಗೇನ್ರಿ, ಮೊಳೆ ಜೋಡಿಸ್ಕೊಂಡು ಹೊತ್ತು ಕಳೀತೀರಿ. ಬಾಯಿಗಿಟ್ಟ ಅನ್ನ ಗಂಟಲಲ್ಲಿ ಇಳಿಯಲ್ಲ ನಂಗೆ. ಮೂರು ವರ್ಷ ಆಯ್ತು, ಒಂದು ದಿನ ಇಳಿದಿಲ್ಲ."

"ಅವಳು ಇದ್ಲು ಅನ್ನೋದೇ ಗೊತ್ತಿಲ್ದೆ ಬದುಕೋದು ಒಂದು ಬದುಕಾ?"

"ಗೊತ್ತಿದ್ದು ಬದುಕ್ತಿರೋದನ್ನ ನೋಡ್ತಿದ್ದೀರಲ್ಲ," ಎಂದು ಹಾಲಮ್ಮ ಒಳಗೆ ಹೋದಳು. ಆಕೆ ಅಳಲಿಲ್ಲ. ಅತ್ತಿದ್ದರೆ ಮುದ್ದವೀರಪ್ಪನಿಗೆ ಸುಲಭವಾಗುತ್ತಿತ್ತು ಎಂದು ನನಗನ್ನಿಸಿತು.

ಮಾರನೆಯ ದಿನ ಬೆಳಿಗ್ಗೆ ಅವನು ಎಂದಿನಂತೆ ಪಟ ಕಟ್ಟಿದ, ಪಕ್ಕಕ್ಕೆ ಎಂಟು ಸಾಲು ಕೂರಿಸಿದ, ಮಸಿ ಸವರಿ ಕರಡು ತೆಗೆದು ನನ್ನ ಮುಂದಿಟ್ಟ. ಕರಡು ನೋಡಲು ನಮ್ಮಲ್ಲೊಂದು ಕ್ರಮವಿದೆ. ಒಂದು ಕಪ್ಪು ನೂಲನ್ನು ಸಾಲಿನ ಬುಡದಿಂದ ಪಟದ ಮೇಲೆ ಅಡ್ಡಲಾಗಿ ಎಳೆದು ಹಿಡಿಯಬೇಕು. ನೂಲು ಬೀದಿಯ ಎಂಟೂ ಮನೆಗಳ ಹೊಟ್ಟೆಯ ಮೇಲೆ ಹಾಯ್ದರೆ ಸಾಲು ಸರಿ. ಮೊದಲನೆಯದು ಸರಿಯಿತ್ತು, ಎರಡನೆಯದೂ ಸರಿಯಿತ್ತು. ಮೂರನೆಯದಕ್ಕೆ ಹಿಡಿದ ನೂಲು ಮೂರನೇ ಬೀದಿಗೂ ನಾಲ್ಕನೆಯದಕ್ಕೂ ನಡುವಿನ ಗೆರೆಯ ಮೇಲೆ ಸರಿಯಾಗಿ ಕೂತಿತು. ಒಂದೇ ಒಂದು ಪಟ್ಟಿ ಮೇಲೆ ಹೆಚ್ಚು, ಕೆಳಗೆ ಕಡಿಮೆ. ಉಳಿದ ಸಾಲುಗಳು ಕದಲಿರಲಿಲ್ಲ.

"ಇದೇನೋ?" ಎಂದೆ.

"ಯಾವ್ದು?"

"ಮೂರನೇದು."

ಅವನು ಕೈಗೆ ಅಂಟಿದ ಮಸಿಯನ್ನು ಬಟ್ಟೆಗೆ ಒರೆಸುತ್ತ, "ಎರಡು ಬೀದಿ ಮಧ್ಯ ಓಣಿ ಐತಲ್ಲ. ಓಣೀಲಿ ಯಾರ ಮನೇನೂ ಇಲ್ಲ. ಮರೆವು ಅಲ್ಲಿ ಬಿದ್ದು ಹೋಗ್ಲಿ ಬಿಡೋ. ಯಾರಿಗೂ ನಷ್ಟ ಇಲ್ಲ," ಎಂದ. ಅವನ ದನಿ ಬೇಡುವವನ ದನಿಯಾಗಿತ್ತು. ಮೂವತ್ತೊಂದು ವರ್ಷದಲ್ಲಿ ಸಾಲು ಗೆರೆಯ ಮೇಲೆ ಬಿದ್ದದ್ದೇ ಇಲ್ಲ, ಬಿದ್ದರೆ ಏನಾಗುತ್ತದೆಂದು ಹೇಳುವವರೂ ಯಾರೂ ಇಲ್ಲ. ನನಗೂ ಅವನ ಮಾತು ಸರಿ ಎನ್ನಿಸಿತು ಎಂದು ಈಗ ಹೇಳಿದರೆ ಸುಳ್ಳಾಗುತ್ತದೆ. ನಾನು ಯೋಚನೆಯನ್ನೇ ಮಾಡಲಿಲ್ಲ. ಅವನ ಮುಖ ನೋಡಿದೆ, ರುಜು ಹಾಕಿದೆ. ಮಧ್ಯಾಹ್ನ ಹಾಳೆ ಅಚ್ಚಾಗಿ ಮನೆಮನೆಗೆ ಹೋಯಿತು. ಹಾಳೆಯನ್ನು ನೂಲು ಹಿಡಿದು ನೋಡುವವರು ನನ್ನನ್ನು ಬಿಟ್ಟು ಊರಲ್ಲಿ ಯಾರಿದ್ದಾರೆ?

ಹಾಲಮ್ಮ ಮಂಗಳವಾರ ಬೆಳಗಿನಿಂದಲೇ ಮಗಳ ಮಾತು ಶುರು ಮಾಡಿದಳು. ಕಳೆದುಕೊಳ್ಳುವುದೇ ಎಂದು ನಿರ್ಧಾರವಾಗಿಹೋಗಿದ್ದರಿಂದ ಆಕೆಗೆ ಹೆದರಿಕೆ ಬಿಟ್ಟುಹೋಗಿತ್ತು. ನೀಲಾ ಹುಟ್ಟಿದಾಗ ಎಡಗೈ ಮುಷ್ಟಿ ಮೂರು ದಿನ ಬಿಚ್ಚದೆ ಇದ್ದದ್ದು, ಕೊಳದ ಬಾತುಕೋಳಿಗಳಿಗೆಲ್ಲ ಬೀದಿಯ ಹೆಂಗಸರ ಹೆಸರಿಟ್ಟು ಕರೆದು ಏಟು ತಿಂದದ್ದು. ಅಪ್ಪನ ಅಂಗಿ ಜೇಬಿನಿಂದ ಒಂದು ಮೊಳೆ ಕದ್ದು ರೊಟ್ಟಿಗಳ ಮೇಲೆಲ್ಲ ಒತ್ತಿ, "ಅಮ್ಮಾ, ಅಚ್ಚಾಯ್ತು, ತಿನ್ನು," ಎಂದದ್ದು. ಆ ಮೊಳೆಗಾಗಿ ಮುದ್ದವೀರಪ್ಪ ಅಚ್ಚುಕೂಟದ ನೆಲವನ್ನೆಲ್ಲ ಎರಡು ದಿನ ಗುಡಿಸಿ ಹುಡುಕಿದ್ದು ನನಗೆ ಚೆನ್ನಾಗಿ ನೆನಪಿದೆ. ಅಮ್ಮ ಮಗಳು ಸೇರಿ ಅದನ್ನು ಹಿಟ್ಟಿನ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದರಂತೆ. ಮುದ್ದವೀರಪ್ಪ ಪ್ರತಿದಿನ ಬೆಳಿಗ್ಗೆ ಬಂದು ಹಿಂದಿನ ರಾತ್ರಿ ಕೇಳಿದ್ದನ್ನೆಲ್ಲ ನನಗೆ ಒಪ್ಪಿಸುತ್ತಿದ್ದ. ಅವನಿಗೆ ಭಯವಿರಲಿಲ್ಲ, ಮರೆವು ಓಣಿಯಲ್ಲಿ ಬಿದ್ದಿದೆ ಎಂಬ ಧೈರ್ಯ. "ನೆನ್ನೆ ನಕ್ಕಳು ಕಣೋ. ಮೂರು ವರ್ಷ ಆದ್ಮೇಲೆ ನಕ್ಕಳು," ಎಂದು ಶುಕ್ರವಾರ ಹೇಳಿದ. ಆ ಐದು ದಿನ ಆ ಮನೆಯಲ್ಲಿ ಎಲ್ಲರೂ ಸುಖವಾಗಿದ್ದರು ಎಂದರೆ ತಪ್ಪಿಲ್ಲ.

ಭಾನುವಾರ ಬೆಳಿಗ್ಗೆ ಮೊದಲು ಗಲಾಟೆಯೆದ್ದದ್ದು ನಾಲ್ಕನೇ ಬೀದಿಯಲ್ಲಿ. ಅಲ್ಲಿ ಅದು ನೆಂಟರ ವಾರ. ಕಾಯಿ ನಿಂತ ಎರಡು ಮನೆಗಳಿಗೆ ನೆಂಟರು ಬಂದಿದ್ದರು, ಮನೆಯವರು ವಾರವಿಡೀ ಅವರ ಮಾತನ್ನೇ ಆಡಿದ್ದರು. ಈಗ ಎದ್ದು ನೋಡಿದರೆ ಬಂದವರ ಹೆಸರು ಗೊತ್ತು, ಮುಖ ಗೊತ್ತು, ಯಾರ ಕಡೆಯವರು ಎಂಬುದು ಗೊತ್ತಿಲ್ಲ. ನಾದಿನಿಯೋ ಬೀಗಿತ್ತಿಯೋ ತಿಳಿಯದೆ ಮನೆಯೊಡತಿ ಒಬ್ಬಳ ಕಾಲಿಗೆ ಬಿದ್ದು, ಇನ್ನೊಬ್ಬಳನ್ನು ಗೇಲಿ ಮಾಡಿ, ಎರಡೂ ತಲೆಕೆಳಗಾಗಿ ನಗೆಪಾಟಲಾಯಿತು. ಅದನ್ನು ಕೇಳುತ್ತಲೇ ನನಗೆ ಅರ್ಥವಾಯಿತು. ಸಾಲು ಓಣಿಯಲ್ಲಿ ಬಿದ್ದಿರಲಿಲ್ಲ. ಅತ್ತ ಅರ್ಧ ಇತ್ತ ಅರ್ಧ ಎರಡು ಬೀದಿಗೂ ಹಂಚಿಹೋಗಿತ್ತು. ಚಪ್ಪಲಿ ಮೆಟ್ಟುವುದನ್ನೂ ಮರೆತು ಮೂರನೇ ಬೀದಿಗೆ ಓಡಿದೆ.

ಹಾಲಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದಳು. ಮುಖ ತಿಳಿಯಾಗಿತ್ತು. ನನ್ನನ್ನು ನೋಡಿ, "ಬನ್ನಿ ಸುಬ್ಬಣ್ಣ. ನಮ್ಮ ನೀಲಾ ಎಲ್ಲಾದ್ರೂ ಕಂಡ್ಲಾ? ಬೆಳಿಗ್ಗೆ ಎದ್ದು ನೋಡ್ತೀನಿ, ಹಾಸಿಗೆ ಮೇಲಿಲ್ಲ. ನನ್ನ ತಂಗಿ ಮನೆಗೆ ಹೋಗ್ತೀನಿ ಅಂತಿದ್ಲು, ಅಲ್ಲಿಗೇ ಹೋದ್ಲೋ ಏನೋ," ಎಂದಳು. ಮಗಳು ಇದ್ದದ್ದು ಆಕೆಗೆ ಪೂರ್ತಿ ನೆನಪಿತ್ತು. ಮಗಳು ಹೋದದ್ದು ಮರೆತುಹೋಗಿತ್ತು.

ಮುದ್ದವೀರಪ್ಪ ಹಿತ್ತಿಲಲ್ಲಿ ಬಾವಿಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದ: "ನಮ್ಮನೇಲಿ ಯಾರೋ ತೀರ್ಕೊಂಡಿದ್ದಾರೆ ಕಣೋ. ನಾನೇ ಎರಡು ಕೈಯಲ್ಲಿ ಎತ್ಕೊಂಡು ಹೋಗಿ ಮಣ್ಣು ಮಾಡಿ ಬಂದೆ. ಹೆಗಲು ಕೊಡೋವಷ್ಟು ಭಾರಾನೂ ಇರ್ಲಿಲ್ಲ. ಯಾರು ಅಂತ ಮಾತ್ರ ಗೊತ್ತಾಗ್ತಿಲ್ಲ. ಇವಳು ನೋಡಿದ್ರೆ ಮಗಳು ಮಗಳು ಅಂತಾಳೆ. ನಮಗೊಬ್ಬ ಮಗಳಿದ್ಲಾ?"

ಊರಿನ ಕಟ್ಟಳೆ ನನ್ನ ಬಾಯಿ ಕಟ್ಟಿತು. ಆದರೆ ಅವನೇನು ದಡ್ಡನಲ್ಲ. ನನ್ನ ಮುಖ ನೋಡಿ, "ಹಾಗಾದ್ರೆ ಅವಳೇ," ಎಂದ. ಆಮೇಲೆ, "ಅಳು ಬರ್ತಿಲ್ಲ ಕಣೋ. ಗುರುತಿಲ್ದೋರಿಗೆ ಹೇಗೆ ಅಳೋದು?" ಎಂದ. ಈ ಮಾತು ಕೇಳಿ ನನಗೆ ಅಳು ಬಂತು. ರುಜು ಹಾಕಿದ ಕೈ ನನ್ನದೇ ಅಲ್ಲವೇ?

ಸೋಮವಾರ ನಾಲ್ಕನೇ ಬೀದಿಯ ಹಿರಿಯರು ಹಾಳೆ ಹಿಡಿದುಕೊಂಡು ಅಚ್ಚುಕೂಟಕ್ಕೆ ಬಂದರು. ನನ್ನ ನೂಲನ್ನೇ ತೆಗೆದುಕೊಂಡು ಅವರು ಹಿಡಿದು ತೋರಿಸಿದಾಗ ಮುದ್ದವೀರಪ್ಪನ ಮೈಯೆಲ್ಲ ಉರಿದುಹೋಯಿತು. "ಯಾವನ್ರೀ ಇದನ್ನ ಕೂರಿಸಿದ್ದು? ಅವನ ಕೈ ಮುರೀಬೇಕು!" ಎಂದು ಕೂಗಾಡಿದ. ಸಾಲು ಜಾರಿಸಿದ್ದು ಮಗಳಿಗಾಗಿ. ಮಗಳ ಜೊತೆಗೆ ಆ ಕಾರಣವೂ ಅವನ ತಲೆಯಿಂದ ಹೋಗಿತ್ತು. ಮೊಳೆ ಜೋಡಿಸಿದವನು ನೀನೇ ಎಂದು ಹಿರಿಯರು ಹೇಳಿದಾಗ ಅವನು ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ತಪ್ಪು ನೋಡಿಯೂ ಬಿಟ್ಟವನು ನಾನು ಎಂದು ಒಪ್ಪಿಕೊಂಡೆ. ಒಂದು ತಿಂಗಳು ನೂಲು ಮುಟ್ಟಬಾರದೆಂದು ನನಗೆ ಶಿಕ್ಷೆಯಾಯಿತು. ಆ ಶಿಕ್ಷೆ ಸಾಲದು ಎಂದು ನನಗೆ ಗೊತ್ತಿತ್ತು, ಅವರಿಗೆ ಗೊತ್ತಿರಲಿಲ್ಲ.

ಆಮೇಲಿನ ವಾರಗಳು ವಿಚಿತ್ರವಾಗಿದ್ದವು. ಹಾಲಮ್ಮ ದಿನಾ ಸಂಜೆ ಬಾಗಿಲಲ್ಲಿ ನಿಂತು ದಾರಿ ನೋಡುತ್ತಿದ್ದಳು. ಉಂಡಳು, ನಿದ್ದೆ ಮಾಡಿದಳು, ಸ್ವಲ್ಪ ಮೈ ಕೂಡ ತುಂಬಿಕೊಂಡಿತು. ಮಗಳು ಬಂದಿಲ್ಲ ಎಂಬ ಸಿಟ್ಟು ಬಿಟ್ಟರೆ ಬೇರೆ ದುಃಖವಿಲ್ಲ. ಬೀದಿಯ ಹೆಂಗಸರು ಕಟ್ಟಳೆಗೆ ಅಂಜಿ ಹ್ಞೂಂಗುಟ್ಟುತ್ತಿದ್ದರು, ಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮನೆಯೊಳಗಿನವರು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಅಡ್ಡಿಯಿಲ್ಲ. ಮುದ್ದವೀರಪ್ಪ ಹೇಳಬಹುದಿತ್ತು.

"ಹೇಳಿಬಿಡೋ," ಎಂದೆ ಒಂದು ದಿನ.

"ಏನಂತ ಹೇಳ್ಲಿ? ಯಾವುದೋ ಮಗು ಸತ್ತೋಯ್ತು ಅಂತಲಾ? ಹೆತ್ತೋಳ ಮುಂದೆ ಹಾಗೆ ಹೇಳೋಕಾಗ್ತದಾ?" ಎಂದ. "ಮೊದ್ಲು ಅವಳು ಯಾರು ಅಂತ ನಂಗೆ ಗೊತ್ತಾಗ್ಲಿ."

ಅದಕ್ಕಾಗಿ ಅವನು ದಿನಾ ಸಂಜೆ ಹೆಂಡತಿಯನ್ನು ಕೇಳತೊಡಗಿದ. ಅವಳಿಗೆ ಏನು ಇಷ್ಟ, ಯಾವುದಕ್ಕೆ ಹಟ ಮಾಡುತ್ತಾಳೆ, ನಡೆಯುವಾಗ ಹೇಗೆ ನಡೆಯುತ್ತಾಳೆ. ಹಾಲಮ್ಮನಿಗೆ ಗಂಡನ ಈ ಹೊಸ ಅಕ್ಕರೆ ಕಂಡು ಬೆರಗು. "ಇಷ್ಟು ದಿನ ಮಗಳ ಕಡೆ ತಿರುಗಿ ನೋಡಿದವರಲ್ಲ, ಈಗ ನೋಡಿ!" ಎಂದು ನನ್ನೆದುರೇ ಛೇಡಿಸಿದಳು. ಅವನು ಪರೀಕ್ಷೆಗೆ ಓದುವವರಂತೆ ಎಲ್ಲ ಕಲಿತ. ಆದರೂ ಅಚ್ಚುಕೂಟಕ್ಕೆ ಬಂದು ತಲೆಯಾಡಿಸುತ್ತಿದ್ದ. ಎಲ್ಲ ಗೊತ್ತು, ಅವಳು ಮಾತ್ರ ಕಣ್ಣ ಮುಂದೆ ಬರುತ್ತಿಲ್ಲ ಎನ್ನುತ್ತಿದ್ದ.

ಏಳನೆಯ ವಾರ ಹಾಲಮ್ಮನ ತಾಳ್ಮೆ ಕೆಟ್ಟಿತು. ತಂಗಿಯ ಮನೆ ಇರುವುದು ಹೊಳೆಯಾಚೆ, ಒಂದು ದಿನದ ನಡಿಗೆ. ನಾಳೆ ಬೆಳಿಗ್ಗೆ ತಾನೇ ಹೋಗಿ ಮಗಳ ಕೈ ಹಿಡಿದು ಎಳೆದುಕೊಂಡು ಬರುತ್ತೇನೆ ಎಂದು ಬುತ್ತಿಗೆ ಹಿಟ್ಟು ಕಲಸಿದಳು. ಅಲ್ಲಿಗೆ ಹೋದರೆ ತಂಗಿ ಏನು ಹೇಳುತ್ತಾಳೆ? ಆ ಊರಿಗೆ ನಮ್ಮ ಕಟ್ಟಳೆಯಿಲ್ಲ. ನಡುಬೀದಿಯಲ್ಲಿ, ಯಾರೋ ಅಪರಿಚಿತರ ಮುಂದೆ, ಹೋದವಳು ಹೋಗಿ ಮೂರು ವರ್ಷವಾಯಿತಲ್ಲ ಅಕ್ಕ ಎಂದರೆ ಇವಳ ಗತಿಯೇನು? ಮುದ್ದವೀರಪ್ಪ ಅದನ್ನೇ ನೆನೆದು ಕಂಗಾಲಾಗಿ ನನ್ನನ್ನು ಜೊತೆಗೆ ಕರೆತಂದ. ನಾವಿಬ್ಬರೂ ಜಗಲಿಯ ಮೇಲೆ ಕೂತೆವು. ಆಗಷ್ಟೇ ದೀಪ ಹಚ್ಚಿದ್ದರು.

ಹಾಲಮ್ಮ ಕೈಯಲ್ಲಿ ಒಂದು ಹಸಿರು ಲಂಗ ಹಿಡಿದುಕೊಂಡು ಹೊರಗೆ ಬಂದಳು. "ನೋಡ್ರಿ, ಇದರ ಅಂಚು ಬಿಚ್ಚಿ ಉದ್ದ ಮಾಡಿದೀನಿ. ಇಷ್ಟು ದಿನದಲ್ಲಿ ಬೆಳೆದಿರ್ತಾಳೆ. ಒಂಚೂರು ಎದ್ದು ನಿಂತ್ಕೊಳ್ಳಿ, ಅಳತೆ ನೋಡ್ತೀನಿ. ನಿಮ್ಮ ಎದೆ ತನಕ ಬರ್ತಿದ್ಲು," ಎಂದಳು.

ಅವನು ಎದ್ದು ನಿಂತ. ಆಕೆ ಮಗಳ ತಲೆ ಬರುವಲ್ಲಿ ಗಂಡನ ಎದೆಯ ಮೇಲೆ ಅಂಗೈಯಿಟ್ಟು ಗುರುತು ಮಾಡಿ, ಅವಳ ಸೊಂಟ ಬರುವ ಮಟ್ಟಕ್ಕೆ ಲಂಗ ಹಿಡಿದು ಕೆಳಕ್ಕೆ ಬಿಟ್ಟಳು. ಲಂಗದ ಅಂಚು ನೆಲಕ್ಕೆ ತಾಕಿತು. ಮುದ್ದವೀರಪ್ಪ ಎರಡೂ ಕೈಗಳನ್ನು ಮುಂದೆ ಚಾಚಿದ, ಏನನ್ನೋ ಎತ್ತಿಕೊಂಡವನ ಹಾಗೆ. ಒಂದು ಕೈ ತಲೆಯ ಕೆಳಗೆ, ಒಂದು ಕೈ ಮೊಣಕಾಲಿನ ಕೆಳಗೆ. ಆ ಕೈಗಳ ನಡುವಿನ ಅಳತೆಯನ್ನು ನೋಡಿದ, ಲಂಗವನ್ನು ನೋಡಿದ. ಅವನ ಗಂಟಲಿಂದ ನಾನೆಂದೂ ಕೇಳಿರದ ಒಂದು ದನಿ ಬಂತು.

"ಇಷ್ಟುದ್ದ ಬೇಡ ಕಣೆ. ಅವಳು ಇಷ್ಟೇ ಇದ್ಲು."

"ನಿಮಗೇನು ಗೊತ್ತು?"

"ನಾನೇ ಎತ್ಕೊಂಡು ಹೋದೆ. ನೀಲಾನ. ನಮ್ಮ ನೀಲಾನ."

"ಎಲ್ಲಿಗೆ?" ಎಂದಳು ಹಾಲಮ್ಮ.

ಆಕೆ ಅವನ ಚಾಚಿದ ಕೈಗಳನ್ನು ನೋಡಿದಳು. ಆಕೆಯ ಕೈಯಲ್ಲಿದ್ದ ಲಂಗ ಮೆಲ್ಲನೆ ಕೆಳಗಿಳಿಯಿತು. ಚೀರುತ್ತಾಳೆ ಎಂದುಕೊಂಡೆ, ಚೀರಲಿಲ್ಲ. ತಪ್ಪು ಮಾಡಿದವಳಂತೆ, ಸಣ್ಣ ದನಿಯಲ್ಲಿ ಕೇಳಿದಳು:

"ಆಗ ನಾನೆಲ್ಲಿದ್ದೆ?"

"ಅಲ್ಲೇ ಇದ್ದೆ," ಎಂದ ಮುದ್ದವೀರಪ್ಪ. ಈಗ ಅವನ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. "ನಾಲ್ಕು ದಿನಾನೂ ಎದ್ದು ಹೋಗ್ಲಿಲ್ಲ ನೀನು. ನಿನ್ನ ತೊಡೆ ಮೇಲೇ ತಲೆ ಇಟ್ಕೊಂಡಿದ್ಲು."

ಹಾಲಮ್ಮ ಅವನ ಅಂಗಿಯ ತೋಳು ಹಿಡಿದು ಜಗಲಿಯ ಮೇಲೆ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಲಂಗವನ್ನು ಮಡಿಲಲ್ಲಿ ಹರಡಿಕೊಂಡಳು.

"ಮೊದಲನೇ ದಿನದಿಂದ ಹೇಳಿ," ಎಂದಳು.